ಎಂಟು ತಿಂಗಳು ಉರಿಸಿ ನೋಡಿದ ಕೆಂಪು ಸಿಲಿಕೋನ್ ಹಾಳೆ

ಅಮ್ಮ ಕಸೂತಿ ಹಾಕುತ್ತಾಳೆ. ಒಂದು ರಾತ್ರಿ ಮೆರೂನ್ ದಾರ ಅಂದುಕೊಂಡು ಕಂದು ದಾರದಲ್ಲಿ ಅರ್ಧ ಹೂವು ತುಂಬಿಬಿಟ್ಟಿದ್ದಳು. ಬೆಳಗ್ಗೆ ಕಿಟಕಿ ಹತ್ತಿರ ಬಟ್ಟೆ ಹಿಡಿದು ನೋಡಿ, "ನನ್ನ ಕಣ್ಣು ಹೋಯ್ತು ಕಣೇ" ಅಂದಳು. ಕಣ್ಣೇನೂ ಹೋಗಿರಲಿಲ್ಲ. ತಪ್ಪು ಮೇಜಿನ ದೀಪದ್ದು. ಆ ದೀಪ ಸರಿಮಾಡಲು ಹೋಗಿ ನಾನು ತರಿಸಿಕೊಂಡದ್ದೇ ಈ ಕಿಟ್. ಹೊಳೆಯುವ ಸಾವಯವ ಡೈ, ಅಂದರೆ ಬಣ್ಣ, ಬೆರೆಸಿ ನಾವೇ ಅಚ್ಚು ಹಾಕಿಕೊಳ್ಳುವ ಸಿಲಿಕೋನ್. ಆ ಹಾಳೆಯನ್ನು ದೀಪದ ಮುಂದೆ ಕೂರಿಸಿದರೆ ಬೆಳಕಿಗೆ ಕೆಂಪು ಸೇರುತ್ತದೆ. ಸಾವಯವ ಅಂದರೆ ರಾಸಾಯನಿಕ ಗೊಬ್ಬರ ಹಾಕದೆ ಬೆಳೆದದ್ದು ಅಂತಲ್ಲ, ಇಂಗಾಲ ಇರುವ ಅಣುಗಳಿಂದ ಆದದ್ದು ಅಂತ. ಎಂಟು ತಿಂಗಳು, ದಿನಕ್ಕೆ ಸುಮಾರು ಐದು ಗಂಟೆ ಉರಿಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ನಾನು ಹೇಳುವ ಗುಣದೋಷ ಮುಕ್ಕಾಲು ಪಾಲು ಈ ವಸ್ತುವಿನದ್ದೇ, ಮಾರಿದವರದ್ದಲ್ಲ. ಉಳಿದ ಕಾಲು ಪಾಲಿಗೆ ಅವರನ್ನು ಬೈಯಬಹುದು, ಬೈಯುತ್ತೇನೆ.

ದೀಪ ಯಾಕೆ ಮೋಸ ಮಾಡಿತು ಅನ್ನುವುದು ಮೊದಲು. ಬಿಳಿ ಎಲ್‌ಇಡಿ ಒಳಗೆ ಬಿಳಿ ಚಿಪ್ ಇರುವುದಿಲ್ಲ. ಇರುವುದು ನೀಲಿ ಚಿಪ್, ಸುಮಾರು 450 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನದು. ಅದರ ಮೇಲೆ ಹಳದಿ ಪುಡಿ ಕಲಸಿದ ಅಂಟು. ಆ ಪುಡಿ ಸೀರಿಯಂ ಸೇರಿಸಿದ ಯಿಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್ ಅನ್ನುವ ಫಾಸ್ಫರ್. ನೀಲಿಯಲ್ಲಿ ಸ್ವಲ್ಪ ಹಾಗೇ ದಾಟಿ ಬರುತ್ತದೆ, ಉಳಿದದ್ದನ್ನು ಪುಡಿ ಹಳದಿ ಮಾಡಿ ಕಳಿಸುತ್ತದೆ, ಎರಡೂ ಸೇರಿದರೆ ನಮ್ಮ ಕಣ್ಣಿಗೆ ಬಿಳಿ. ಜಪಾನಿನ ನಿಚಿಯಾ ಕಂಪನಿ 1996ರಲ್ಲಿ ಮಾರುಕಟ್ಟೆಗೆ ತಂದ ಉಪಾಯ ಇದು. ಅದಕ್ಕೆ ಬೇಕಾದ ನೀಲಿ ಎಲ್‌ಇಡಿ ಮಾಡಿದ ಅಕಾಸಾಕಿ, ಅಮಾನೊ, ನಕಾಮುರ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಉಪಾಯ ಭಾರಿ ಚೆನ್ನಾಗಿದೆ. ಆದರೆ ನೀಲಿ ಜತೆ ಹಳದಿ ಹಾಕಿ ಮಾಡಿದ ಬಿಳಿಯಲ್ಲಿ ಕೆಂಪು ಕಮ್ಮಿ. ಮೆರೂನ್ ದಾರದ ಮೇಲೆ ಕೆಂಪೇ ಬೀಳದಿದ್ದರೆ ಅದು ಏನನ್ನು ವಾಪಸ್ ಕಳಿಸಬೇಕು? ಕಂದಾಗಿ ಕೂರುತ್ತದೆ.

ನಮ್ಮ ದೀಪದ ಡಬ್ಬಿ ಮೇಲೆ ಬಣ್ಣದ ಗುಣಮಟ್ಟ 80 ಅಂತ ಬರೆದಿತ್ತು. ನೂರಕ್ಕೆ ಎಂಬತ್ತು ಅಂದರೆ ಫಸ್ಟ್ ಕ್ಲಾಸ್ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಆ ಅಂಕ ಕೊಡುವುದು ಎಂಟು ತೆಳು ಬಣ್ಣಗಳನ್ನು ಇಟ್ಟುಕೊಂಡು. ಗಾಢ ಕೆಂಪು ಒಂಬತ್ತನೆಯದು, ಆರ್9 ಅಂತ ಅದರ ಹೆಸರು, ಅದು ಸರಾಸರಿಯ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಒಟ್ಟು 80 ಇದ್ದ ದೀಪಕ್ಕೆ ಗಾಢ ಕೆಂಪಿನಲ್ಲಿ ಸೊನ್ನೆಯ ಆಸುಪಾಸಿನ ಅಂಕ ಇರಬಹುದು. ಒಂದು ವಿಷಯದಲ್ಲಿ ಫೇಲಾದವರಿಗೂ ಒಳ್ಳೆ ಮಾರ್ಕ್ಸ್ ಕಾರ್ಡ್ ಕೊಟ್ಟಹಾಗೆ. ಹಳೇ ಸಿಡಿ ಇದ್ದರೆ ನೀವೇ ನೋಡಬಹುದು. ಕತ್ತಲ ಕೋಣೆಯಲ್ಲಿ ದೀಪದ ಬೆಳಕು ಸಿಡಿ ಮೇಲೆ ಓರೆಯಾಗಿ ಬೀಳುವಂತೆ ಹಿಡಿಯಿರಿ. ಬೆಳಕು ಬಣ್ಣಬಣ್ಣವಾಗಿ ಹರಡುತ್ತದೆ. ನಮ್ಮ ದೀಪದಲ್ಲಿ ನೀಲಿ ಪಟ್ಟೆ ಕಣ್ಣಿಗೆ ಹೊಡೆಯುವಷ್ಟು ಇತ್ತು, ಆಮೇಲೆ ಸ್ವಲ್ಪ ಕತ್ತಲು, ಹಸಿರು, ಹಳದಿ, ಕೊನೆಗೆ ಕೆಂಪು ಅನ್ನುವುದು ಹೆಸರಿಗೆ ಮಾತ್ರ.

ಕಿಟ್ ಡಬ್ಬಿಯಲ್ಲಿ ಬಂದದ್ದು ಇಷ್ಟು: ಸಿಲಿಕೋನ್‌ನ ಎರಡು ಬಾಟಲಿ, ಹತ್ತು ಪಾಲಿಗೆ ಒಂದು ಪಾಲಿನಂತೆ ಬೆರೆಸಿಕೊಳ್ಳಲು. ಕೆಂಪು ಡೈ ಒಂದು ಸಿರಿಂಜ್, ಹಸಿರುಹಳದಿ ಡೈ ಇನ್ನೊಂದು. ಚಿಟಿಕೆ ಬಿಳಿ ಪುಡಿಯ ಪೊಟ್ಟಣ. ಚಪ್ಪಟೆ ಹಾಳೆಗೊಂದು ಅಚ್ಚು, ಟೋಪಿ ಆಕಾರದ್ದೊಂದು ಅಚ್ಚು. ಒಂದು ಪುಟದ ಕಾಗದ. ಆ ಕಾಗದದ ಬಗ್ಗೆ ಆಮೇಲೆ ಹೇಳುತ್ತೇನೆ. ಕೆಂಪು ಡೈ ಪೆರಿಲೀನ್ ಜಾತಿಯದ್ದು ಅಂತ ಡಬ್ಬಿ ಹೇಳುತ್ತದೆ. ಈ ಜಾತಿಯಲ್ಲಿ ಹೆಸರುವಾಸಿಯಾದದ್ದು ಜರ್ಮನಿಯ ಬಿಎಎಸ್‌ಎಫ್ ಕಂಪನಿ ತಂದ ಲ್ಯುಮೋಜೆನ್ ಎಫ್ ರೆಡ್ 305. ಅದು 578 ನ್ಯಾನೋಮೀಟರ್ ಹತ್ತಿರದ ಹಳದಿಯನ್ನು ಚೆನ್ನಾಗಿ ನುಂಗುತ್ತದೆ, ನೀಲಿಯನ್ನೂ ಸ್ವಲ್ಪ ನುಂಗುತ್ತದೆ, 613ರ ಹತ್ತಿರ ಕೆಂಪು ಬೆಳಕು ಕೊಡುತ್ತದೆ. ನುಂಗಿದ ನೂರು ಬೆಳಕಿನ ಕಣಗಳಲ್ಲಿ ತೊಂಬತ್ತಕ್ಕೂ ಜಾಸ್ತಿ ಮತ್ತೆ ಬೆಳಕಾಗಿಯೇ ಹೊರಗೆ ಬರುತ್ತವೆ. ನನ್ನ ಸಿರಿಂಜಿನಲ್ಲಿರುವುದು ಯಾವುದು ಅಂತ ಕಾಗದ ಹೇಳಿಲ್ಲ.

ಇದು ಬಣ್ಣದ ಗಾಜಿನ ಹಾಗಲ್ಲ ಅನ್ನುವುದು ಮುಖ್ಯ. ಕೆಂಪು ಗಾಜು ಕೆಂಪನ್ನು ಮಾತ್ರ ಬಿಟ್ಟು ಮಿಕ್ಕದ್ದನ್ನೆಲ್ಲ ತಡೆದು ಬಿಸಿ ಮಾಡಿಕೊಳ್ಳುತ್ತದೆ. ಇಲ್ಲದ ಕೆಂಪನ್ನು ಅದು ಹುಟ್ಟಿಸಲಾರದು. ಈ ಡೈ ಹುಟ್ಟಿಸುತ್ತದೆ. ಹೈಲೈಟರ್ ಪೆನ್ನಿನ ಗೆರೆ ಕಾಗದಕ್ಕಿಂತ ಜಾಸ್ತಿ ಹೊಳೆಯುತ್ತದಲ್ಲ, ಅದೇ ಕೆಲಸ. ನುಂಗಿದ ಬೆಳಕಿಗಿಂತ ಉಗುಳಿದ ಬೆಳಕಿನ ಅಲೆ ಉದ್ದ ಇರುತ್ತದೆ ಅಂತ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ 1852ರಲ್ಲೇ ತೋರಿಸಿ, ಫ್ಲೋರಸೆನ್ಸ್ ಅನ್ನುವ ಹೆಸರನ್ನೂ ಇಟ್ಟ. ಪುಕ್ಕಟೆ ಏನೂ ಅಲ್ಲ. 450ರ ನೀಲಿ ಕಣವೊಂದು 610ರ ಕೆಂಪು ಕಣವಾದರೆ ಶಕ್ತಿಯಲ್ಲಿ ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಬಿಸಿಯಾಗಿ ಹೋಗುತ್ತದೆ. ಡೈ ಎಷ್ಟೇ ಒಳ್ಳೆಯದಿರಲಿ, ಆ ಸುಂಕ ತಪ್ಪದು.

ಈಗ ನನ್ನ ಮೊದಲ ಅಚ್ಚಿನ ಕಥೆ. ಬಾಟಲಿಯ ದ್ರವ ಕೈಗೆ ಅಂಟಿದರೆ ಬಿಡುವುದಿಲ್ಲ ಅಂತ ಮನೆಯಲ್ಲಿದ್ದ ರಬ್ಬರ್ ಗ್ಲೌಸ್ ಹಾಕಿಕೊಂಡೆ. ತೂಕ ಮಾಡಿದೆ, ಹನಿ ಎಣಿಸಿ ಡೈ ಹಾಕಿದೆ, ಕಡ್ಡಿಯಲ್ಲಿ ನಿಧಾನ ತಿರುವಿದೆ, ಅಚ್ಚಿನ ಅಂಚನ್ನು ಬೆರಳಲ್ಲಿ ಒರೆಸಿ ಶುದ್ಧ ಮಾಡಿ ಸುರಿದೆ. ಮಾರನೇ ದಿನ ನಡುಭಾಗ ಗಟ್ಟಿಯಾಗಿತ್ತು, ಮೆತ್ತಗೆ ಬಾಗುತ್ತಿತ್ತು, ನೋಡಲು ಚೆಂದ. ಅಂಚು ಮಾತ್ರ ಜೇನಿನ ಹಾಗೆ ಅಂಟಂಟು. ಇನ್ನೊಂದು ದಿನ ಬಿಟ್ಟೆ. ಅಂಟೇ. ಒಂದು ವಾರ ಬಿಟ್ಟರೂ ಅಂಟೇ. ಬೆರಳಚ್ಚಿನ ಆಕಾರದಲ್ಲೇ ಅಂಟಾಗಿದೆ ಅಂತ ಕಂಡಾಗ ತಲೆಗೆ ಹೊಳೆಯಿತು. ಇಂಥ ಸಿಲಿಕೋನ್ ಗಟ್ಟಿಯಾಗಿಸುವುದು ಚೂರೇ ಚೂರು ಪ್ಲಾಟಿನಂ. ಗಂಧಕ, ಅಮೈನ್, ತವರದ ಸಂಯುಕ್ತ ಇವು ಅದರ ಪಕ್ಕಕ್ಕೆ ಬಂದರೆ ಪ್ಲಾಟಿನಂ ಕೆಲಸ ನಿಲ್ಲಿಸುತ್ತದೆ. ರಬ್ಬರ್ ಗ್ಲೌಸ್ ಗಟ್ಟಿಯಾಗಲು ಹಾಕುವುದೇ ಗಂಧಕ. ನಾನು ಶುದ್ಧ ಮಾಡುತ್ತೇನೆ ಅಂತ ಒರೆಸಿದ ಜಾಗವೇ ಕೆಟ್ಟಿತ್ತು. ನೈಟ್ರೈಲ್ ಗ್ಲೌಸ್ ಹಾಕಿ ಎರಡನೇ ಹಾಳೆ ಮಾಡಿದೆ, ಅಂಚಿನವರೆಗೂ ಸರಿಯಾಗಿ ಬಂತು. ಈ ಒಂದು ಸಾಲನ್ನು ಆ ಕಾಗದದಲ್ಲಿ ಬರೆದಿದ್ದರೆ ನನ್ನ ಅರ್ಧ ಬಾಟಲಿ ಉಳಿಯುತ್ತಿತ್ತು. ಕಾಗದದಲ್ಲಿ ಇದ್ದದ್ದು ಏನು ಗೊತ್ತಾ? "ಸುರಕ್ಷತೆಗಾಗಿ ಗ್ಲೌಸ್ ಧರಿಸಿ". ಯಾವ ಗ್ಲೌಸ್ ಅಂತ ಹೇಳಬಾರದಾ?

ಗುಳ್ಳೆ ಇನ್ನೊಂದು ತಾಪತ್ರಯ. ವ್ಯಾಕ್ಯೂಮ್ ಪಂಪ್ ಇಲ್ಲದವರು ಎತ್ತರದಿಂದ ದಾರದಷ್ಟು ತೆಳ್ಳಗೆ ಸುರಿದರೆ ದೊಡ್ಡ ಗುಳ್ಳೆಗಳೆಲ್ಲ ಒಡೆಯುತ್ತವೆ. ಸಣ್ಣವು ಉಳಿಯುತ್ತವೆ, ಉಳಿಯಲಿ.

ಎರಡನೇ ಹಾಳೆ ಅಚ್ಚಿನಿಂದ ಬಿಡಿಸಿ ನೀಲಿ ಟಾರ್ಚಿನ ಮುಂದೆ ಹಿಡಿದಾಗ ಆದದ್ದು ನೋಡಿ ಸ್ವಲ್ಪ ಹೊತ್ತು ಹಾಗೇ ನಿಂತೆ. ಹಾಳೆಯ ಮುಖ ಸಾಧಾರಣವಾಗಿ ಹೊಳೆಯುತ್ತಿತ್ತು. ಅಂಚು ಮಾತ್ರ ಕೆಂಡದ ಗೆರೆ ಎಳೆದಹಾಗೆ ಉರಿಯುತ್ತಿತ್ತು. ನೋಡಲು ಬಲು ಸೊಗಸು, ದೀಪಕ್ಕೆ ಮಾತ್ರ ನಷ್ಟ. ಡೈ ಅಣು ಬೆಳಕನ್ನು ಎಲ್ಲ ದಿಕ್ಕಿಗೂ ಉಗುಳುತ್ತದೆ. ಸಿಲಿಕೋನ್‌ನ ವಕ್ರೀಭವನ ಅಂಕ, ಅಂದರೆ ಬೆಳಕನ್ನು ಬಗ್ಗಿಸುವ ಅಳತೆ, 1.41. ಅದರೊಳಗಿಂದ ಮುಖಕ್ಕೆ 45 ಡಿಗ್ರಿಗಿಂತ ಜಾಸ್ತಿ ಓರೆಯಾಗಿ ಬರುವ ಬೆಳಕು ಹೊರಗೆ ಬರಲಾರದೆ ವಾಪಸ್ ಒಳಗೇ ತಿರುಗಿ, ಜಾರುತ್ತಾ ಅಂಚಿಗೆ ಹೋಗುತ್ತದೆ. ಲೆಕ್ಕ ಹಾಕಿದರೆ ನುಣುಪಾದ ಚಪ್ಪಟೆ ಹಾಳೆಯಲ್ಲಿ ಹುಟ್ಟಿದ ಬೆಳಕಿನಲ್ಲಿ ನೂರಕ್ಕೆ ಸುಮಾರು 70 ಪಾಲು ಹೀಗೇ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಸೌರಫಲಕದ ಮೇಲೆ ಬೆಳಕು ಕೂಡಿಹಾಕುವವರು ಇದೇ ಗುಣವನ್ನು ಬೇಕೆಂದೇ ಬಳಸುತ್ತಾರೆ. ನಮಗೆ ಬೇಡ. ಆ ಚಿಟಿಕೆ ಬಿಳಿ ಪುಡಿ ಇರುವುದು ಇದಕ್ಕೇ. ಟೈಟಾನಿಯಂ ಡೈಆಕ್ಸೈಡ್, ಗೋಡೆಯ ಬಿಳಿ ಪೇಂಟಿನಲ್ಲಿ ಇರುವುದೇ. ಬೆಳಕನ್ನು ಅಲ್ಲಲ್ಲಿ ಡಿಕ್ಕಿ ಹೊಡೆಸಿ ಹೊರಗೆ ತಳ್ಳುತ್ತದೆ. ಪುಡಿ ಹಾಕದ ಹಾಳೆಯಲ್ಲಿ ಇನ್ನೊಂದು ತೊಂದರೆಯೂ ಇತ್ತು. ಡೈ ಸಿಲಿಕೋನ್‌ನಲ್ಲಿ ಅಣು ಅಣುವಾಗಿ ಕರಗಿರುತ್ತದೆ, ಹಾಳೆ ಗಾಜಿನಷ್ಟು ಪಾರದರ್ಶಕ, ಹಾಗಾಗಿ ನೇರ ಬರುವ ನೀಲಿ ನೇರವೇ ದಾಟುತ್ತದೆ. ಮೇಜಿನ ಮೇಲೆ ನಡುವೆ ತಣ್ಣನೆ ನೀಲಿ, ಸುತ್ತ ಕಿತ್ತಳೆ ಬಳೆ. ಮೂರನೇ ಹಾಳೆಗೆ ಪುಡಿ ಹಾಕಿದ ಮೇಲೆ ಬಳೆ ಮಾಯವಾಯಿತು. ಮುಂದೆ ನಾನು ಹೇಳುವುದೆಲ್ಲ ಈ ಮೂರನೇ ಹಾಳೆಯ ಬಗ್ಗೆ.

ಅದನ್ನು ಮೇಜಿನ ದೀಪದೊಳಗೆ, ಚಿಪ್‌ಗಳಿಂದ ಒಂದು ಗೇಣಿಗೂ ಕಮ್ಮಿ, ಸುಮಾರು 8 ಸೆಂಟಿಮೀಟರ್ ಕೆಳಗೆ ತಂತಿಯ ಚೌಕಟ್ಟಿನಲ್ಲಿ ಕೂರಿಸಿದೆ. ಆ ರಾತ್ರಿ ಅಮ್ಮನಿಗೆ ಏನೂ ಹೇಳದೆ ದಾರದ ಡಬ್ಬಿ ಮುಂದಿಟ್ಟೆ. ಅವಳು ಕೆಂಪಿನ ಉಂಡೆಗಳನ್ನು ಒಂದೊಂದಾಗಿ ಎತ್ತಿ, ಮೆರೂನ್ ಒಂದು ಕಡೆ, ಇಟ್ಟಿಗೆ ಕೆಂಪು ಒಂದು ಕಡೆ, ಕಂದು ಒಂದು ಕಡೆ ಇಟ್ಟಳು. "ಇವತ್ತು ಏನು ಮಾಡಿದೆಯೇ ದೀಪಕ್ಕೆ? ದಾರ ಎಲ್ಲ ಹೊಸದಾದ ಹಾಗಿದೆ" ಅಂದಳು. ಬೆಳಗ್ಗೆ ಕಿಟಕಿ ಬೆಳಕಿನಲ್ಲಿ ನೋಡಿದೆವು. ಒಂದೇ ಒಂದು ಉಂಡೆ ತಪ್ಪಾಗಿತ್ತು, ಅದು ನೇರಳೆಗೆ ತಿರುಗುವ ಕೆಂಪು, ಅದನ್ನು ಹಗಲಲ್ಲೂ ಇಬ್ಬರೂ ಬೇರೆಬೇರೆ ಹೆಸರಿಂದ ಕರೆಯುತ್ತೇವೆ. ಸಿಡಿಯಲ್ಲಿ ನೋಡಿದರೆ ಹಳದಿ ಆದಮೇಲೆ ಈಗ ಗಟ್ಟಿಯಾದ ಕೆಂಪು ಪಟ್ಟೆ. ಈ ವಿಷಯದಲ್ಲಿ ಡಬ್ಬಿ ಮೇಲಿನ ಮಾತು ನಿಜ, ಪೂರ್ತಿ ನಿಜ.

ಬೆಳಕು ಕಮ್ಮಿಯಾಯಿತಾ? ಆಯಿತು. ಕಣ್ಣಿಗೆ ಗೊತ್ತಾಗುವಷ್ಟು ಆಯಿತು. ಡೈ ನುಂಗಿದ ಹಳದಿಹಸಿರು ನಮ್ಮ ಕಣ್ಣು ತುಂಬ ಚೆನ್ನಾಗಿ ಕಾಣುವ ಬೆಳಕು, 555 ನ್ಯಾನೋಮೀಟರ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. 610ರ ಕೆಂಪು ಕಣ್ಣಿಗೆ ಅದರ ಅರ್ಧದಷ್ಟು ಮಾತ್ರ ಕಾಣುತ್ತದೆ. ಹಾಗಂತ ಇನ್ನೂ ಗಾಢ ಕೆಂಪಿನ ಡೈ ಹಾಕೋಣ ಅಂದರೆ ಕೆಲಸ ಕೆಡುತ್ತದೆ. 650ಕ್ಕೆ ಹೋದರೆ ಕಣ್ಣಿಗೆ ಕಾಣುವುದು ಹತ್ತರಲ್ಲಿ ಒಂದು ಪಾಲು, ಮಿಕ್ಕದ್ದು ಕರೆಂಟ್ ದಂಡ. ಅಂಗಡಿಯ ಒಳ್ಳೆಯ ಎಲ್‌ಇಡಿಗಳಲ್ಲಿ ಕೆಂಪಿಗೆ ಯೂರೋಪಿಯಂ ಇರುವ ನೈಟ್ರೈಡ್ ಪುಡಿ ಹಾಕುತ್ತಾರೆ. ಅದು ಗಟ್ಟಿಮುಟ್ಟು, ಆದರೆ ಅದರ ಬೆಳಕು ಅಗಲವಾಗಿ ಹರಡಿ 650 ದಾಟಿಯೂ ಬಾಲ ಚಾಚುತ್ತದೆ. ಆ ಲೆಕ್ಕದಲ್ಲಿ 610ರ ಸುತ್ತ ನಿಲ್ಲುವ ಡೈ ಜಾಣ.

ಕೆಂಪು ಇನ್ನೂ ಬೇಕು ಅಂತ ಎರಡರಷ್ಟು ಹನಿ ಹಾಕಿಯೂ ಒಂದು ತುಂಡು ಮಾಡಿ ನೋಡಿದೆ. ಎರಡರಷ್ಟು ಕೆಂಪು ಬರಲಿಲ್ಲ. ಬಣ್ಣ ಇನ್ನಷ್ಟು ಗಾಢವಾಗಿ ಮಂಕಾಯಿತು. ಒಂದು ಅಣು ಉಗುಳಿದ್ದನ್ನು ಪಕ್ಕದ ಅಣು ನುಂಗುತ್ತದೆ, ಪ್ರತಿ ಸಲ ಸ್ವಲ್ಪ ಸೋರಿಹೋಗುತ್ತದೆ. ಇನ್ನೂ ಜಾಸ್ತಿ ಹಾಕಿದರೆ ಅಣುಗಳು ಒಂದಕ್ಕೊಂದು ಅಂಟಿಕೊಂಡು ಹೊಳಪೇ ಸತ್ತುಹೋಗುತ್ತದೆ. ಈ ಡೈಗಳಿಗೆ ಸಿಲಿಕೋನ್ ಅಂದರೆ ಮೊದಲೇ ಅಷ್ಟಕ್ಕಷ್ಟೆ. ಬೆಂಜೀನ್ ಉಂಗುರಗಳ ಚಪ್ಪಟೆ ಅಣುಗಳು ಅವು, ಸಿಲಿಕೋನ್‌ನಲ್ಲಿ ಸರಿಯಾಗಿ ಕರಗುವುದಿಲ್ಲ, ಬಿಟ್ಟರೆ ತಮ್ಮ ಪಾಡಿಗೆ ಗುಂಪು ಕಟ್ಟುತ್ತವೆ.

ಅದಕ್ಕೇ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿತ್ತು: ಡೈ ಸಿಲಿಕೋನ್‌ಗೇ ಕಟ್ಟಿಕೊಂಡಿದೆ, ಬಿಟ್ಟು ಬರುವುದಿಲ್ಲ. ಇದನ್ನು ಮಾಡುವ ದಾರಿ ಇದೆ. ಡೈ ಅಣುವಿಗೆ ಒಂದು ಸಣ್ಣ ಕೊಕ್ಕೆ ಜೋಡಿಸಿರುತ್ತಾರೆ. ಸಿಲಿಕೋನ್ ಗಟ್ಟಿಯಾಗುವಾಗ ಅದರ ಸರಪಳಿಗಳು ಒಂದನ್ನೊಂದು ಹಿಡಿಯುವ ಅದೇ ಪ್ಲಾಟಿನಂ ಕೆಲಸದಲ್ಲಿ ಈ ಕೊಕ್ಕೆಯೂ ಸರಪಳಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅಣು ಓಡಾಡುವಂತಿಲ್ಲ, ಗುಂಪು ಕಟ್ಟುವಂತಿಲ್ಲ. ಮಾತು ನಿಜವಾ ಅಂತ ನೋಡೋಣ ಅನಿಸಿತು. ಕೆಂಪು ಹಾಳೆಯಿಂದ ಉಗುರಿನಷ್ಟು, ಇನ್ನೊಂದು ಸಿರಿಂಜಿನ ಡೈ ಹಾಕಿ ಮಾಡಿದ್ದ ಹಸಿರುಹಳದಿ ಹಾಳೆಯಿಂದ ಉಗುರಿನಷ್ಟು ಕತ್ತರಿಸಿ, ಎರಡು ಸಣ್ಣ ಗಾಜಿನ ಶೀಶೆಗಳಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ರಾತ್ರಿಯಿಡೀ ನೆನೆಸಿದೆ. ಬೆಳಗ್ಗೆ ತುಂಡು ತೆಗೆದು, ಕೋಣೆ ಕತ್ತಲು ಮಾಡಿ, ನೀಲಿ ಟಾರ್ಚ್ ಹಾಯಿಸಿದೆ. ಕೆಂಪಿನ ಶೀಶೆ ಬರೀ ನೀರಿನ ಹಾಗೆ ಸುಮ್ಮನಿತ್ತು. ಹಳದಿಯ ಶೀಶೆಯ ಒಳಗೆ ಟಾರ್ಚಿನ ದಾರಿಯುದ್ದಕ್ಕೂ ಹಸಿರು ಕಂಬಿ ನಿಂತಿತು. ಅಂದರೆ ಕೆಂಪನ್ನು ಕಟ್ಟಿದ್ದಾರೆ, ಹಳದಿಯನ್ನು ಸುಮ್ನೆ ಕಲಸಿದ್ದಾರೆ. ಕಟ್ಟದ ಡೈ ಬಿಸಿಗೆ ನಿಧಾನವಾಗಿ ಮೇಲ್ಮೈಗೆ ಬರುತ್ತದೆ, ಪಕ್ಕದ ಪ್ಲಾಸ್ಟಿಕ್ಕಿಗೂ ಹತ್ತುತ್ತದೆ. ಹಳದಿ ಹಾಳೆಯನ್ನು ಒಂದು ತಿಂಗಳು ಬಿಳಿ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಇಟ್ಟಿದ್ದೆ, ಮುಚ್ಚಳದ ಮೇಲೆ ಹಾಳೆಯ ಆಕಾರದಲ್ಲೇ ಕಲೆ ಕೂತಿದೆ. ಎರಡಕ್ಕೂ ಒಂದೇ ಡಬ್ಬಿ, ಒಂದೇ ಮಾತು. ಇದು ಬೈಯುವ ಕಾಲು ಪಾಲಿನಲ್ಲಿ ಬರುತ್ತದೆ.

ಇನ್ನು ಬಾಳಿಕೆ. "ಬಲ್ಬಿನಷ್ಟೇ ಬಾಳಿಕೆ" ಅಂತ ಬರೆದವರು ಯಾರೋ ಬಲ್ಬನ್ನೂ ನೋಡಿಲ್ಲ, ಡೈಯನ್ನೂ ನೋಡಿಲ್ಲ. ಬಿಳಿ ಎಲ್‌ಇಡಿಗಳನ್ನು ಎಲ್‌ಎಂ-80 ಪರೀಕ್ಷೆಯಲ್ಲಿ ಕನಿಷ್ಠ 6000 ಗಂಟೆ ಉರಿಸಿ ಅಳೆಯುತ್ತಾರೆ. ಬೆಳಕು ಮೊದಲಿನ ಶೇಕಡಾ 70ಕ್ಕೆ ಇಳಿಯುವ ಹೊತ್ತನ್ನು ಆಯಸ್ಸು ಅಂತ ಹಿಡಿಯುತ್ತಾರೆ. ನನ್ನ ಎಂಟು ತಿಂಗಳು ಒಟ್ಟು 1200 ಗಂಟೆ ಇರಬೇಕು. ಹಾಳೆ ಕೂರಿಸುವಾಗಲೇ ಅದರ ಒಂದು ಮೂಲೆಗೆ ಎರಡೂ ಕಡೆ ಅಲ್ಯೂಮಿನಿಯಂ ಫಾಯಿಲ್ ಮಡಚಿ ಮುಚ್ಚಿದ್ದೆ. ಐದನೇ ತಿಂಗಳಲ್ಲಿ ಫಾಯಿಲ್ ಬಿಚ್ಚಿದೆ. ಅಲ್ಲಿಯವರೆಗೆ ನನಗಾಗಲಿ ಅಮ್ಮನಿಗಾಗಲಿ ಏನೂ ಬದಲಾದಹಾಗೆ ಅನಿಸಿರಲಿಲ್ಲ. ದಿನಾ ನೋಡುವ ಮುಖಕ್ಕೆ ವಯಸ್ಸಾಗುವುದು ಕಾಣುತ್ತದಾ? ಮುಚ್ಚಿದ್ದ ಮೂಲೆ ಮೊದಲ ದಿನದ ಗಾಢ ಕೆಂಪಿನಲ್ಲೇ ಇತ್ತು. ಅದರ ಗೆರೆ ಮುಗಿದಲ್ಲಿಂದ ಉಳಿದ ಹಾಳೆ ಗುಲಾಬಿ. ನಡುವೆ ಇನ್ನೂ ತೆಳು. "ಇದು ಬೇರೆ ಹಾಳೆದು ತುಂಡಾ?" ಅಂತ ಅಮ್ಮ ಕೇಳಿದಳು. ಎಂಟನೇ ತಿಂಗಳ ಹೊತ್ತಿಗೆ ಮೆರೂನ್ ಮತ್ತೆ ಕಂದಿನ ಕಡೆ ಜಾರುತ್ತಿದೆ. ಮೊದಲಿನಷ್ಟಲ್ಲ, ಆದರೆ ಜಾರುತ್ತಿದೆ.

ಇದರ ಜತೆಗೆ ಒಂದು ಹುಚ್ಚು ಕೆಲಸವನ್ನೂ ಮಾಡಿದ್ದೆ. ಟೋಪಿ ಅಚ್ಚಿನಲ್ಲಿ ಮಾಡಿದ ಕೆಂಪು ಟೋಪಿಯನ್ನು ಒಂದು ಪ್ರಖರ ಚಿಪ್‌ನ ಮೇಲೆ ನೇರವಾಗಿ ಅಂಟಿಸಿದೆ. ಹತ್ತೇ ದಿನದಲ್ಲಿ ನಡುವೆ ನಾಣ್ಯದಷ್ಟು ಅಗಲ ಬಣ್ಣವೇ ಇಲ್ಲ. ಸುಟ್ಟಿದೆ ಅಂದುಕೊಂಡು ಕಿತ್ತು ನೋಡಿದೆ. ಸುಟ್ಟಿರಲಿಲ್ಲ. ಸಿಲಿಕೋನ್ ಮೊದಲಿನಷ್ಟೇ ಮೆತ್ತಗೆ, ತಿಳಿನೀರಿನಷ್ಟು ಸ್ವಚ್ಛ. ಒಳಗಿನ ಡೈ ಮಾತ್ರ ಹೋಗಿತ್ತು. ಮನೆ ಗಟ್ಟಿ ನಿಂತಿದೆ, ಒಳಗಿದ್ದವರು ಇಲ್ಲ.

ಇಲ್ಲಿ ಸಿಲಿಕೋನ್‌ನ ದೊಡ್ಡಸ್ತಿಕೆಯೇ ಅದಕ್ಕೆ ತಿರುಗಿ ಹೊಡೆಯುತ್ತದೆ. ಎಲ್‌ಇಡಿಗೆ ಎಲ್ಲರೂ ಸಿಲಿಕೋನ್ ಹಿಂದೆ ಹೋಗುವುದು ಯಾಕೆ? ಎಪಾಕ್ಸಿ ನೀಲಿ ಬೆಳಕಿಗೂ ಬಿಸಿಗೂ ಹಳದಿಯಾಗುತ್ತದೆ, ಸಿಲಿಕೋನ್ 200 ಡಿಗ್ರಿವರೆಗೂ ಜಗ್ಗುವುದಿಲ್ಲ. ಆದರೆ ಅದರ ಸಡಿಲ ಸರಪಳಿಗಳ ನಡುವೆ ಆಕ್ಸಿಜನ್ ಸಲೀಸಾಗಿ ಓಡಾಡುತ್ತದೆ, ಅಕ್ರಿಲಿಕ್‌ಗೆ ಹೋಲಿಸಿದರೆ ನೂರಾರು ಪಟ್ಟಿಗೂ ಮೀರಿ. ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಸಿಲಿಕೋನ್ ಸೇರಿಸುವುದೇ ಕಣ್ಣಿಗೆ ಆಕ್ಸಿಜನ್ ಸಿಗಲಿ ಅಂತ. ಡೈಗೆ ಅದೇ ಶತ್ರು. ಬೆಳಕು ನುಂಗಿ ಉಬ್ಬಿದ ಡೈ ಅಣು ಒಮ್ಮೊಮ್ಮೆ ಆ ಶಕ್ತಿಯನ್ನು ಬೆಳಕಾಗಿ ಬಿಡದೆ ಪಕ್ಕದ ಆಕ್ಸಿಜನ್‌ಗೆ ದಾಟಿಸುತ್ತದೆ. ಕೆರಳಿದ ಆಕ್ಸಿಜನ್ ತಿರುಗಿ ಡೈ ಅಣುವನ್ನೇ ಕಡಿಯುತ್ತದೆ. ಕಡಿದ ಅಣುವಿಗೆ ಬಣ್ಣವೂ ಇಲ್ಲ, ಹೊಳಪೂ ಇಲ್ಲ. ಬೆಳಕು ಜಾಸ್ತಿಯಾದಷ್ಟೂ, ಬಿಸಿ ಜಾಸ್ತಿಯಾದಷ್ಟೂ ಇದು ಬೇಗ. ಚಿಪ್ ಮೇಲೆ ಹತ್ತು ದಿನ, 8 ಸೆಂಟಿಮೀಟರ್ ದೂರದಲ್ಲಿ ತಿಂಗಳುಗಟ್ಟಲೆ. ಗಾರ್ನೆಟ್ ಪುಡಿ ಕಲ್ಲಿನಂಥ ಸೆರಾಮಿಕ್, ಅದಕ್ಕೆ ಈ ಕಾಟವಿಲ್ಲ.

ದೂರ ಇಡುವುದು ಹೊಸ ಯೋಚನೆಯೇನಲ್ಲ. 2011ರಲ್ಲಿ ಅಮೆರಿಕದ ಇಂಧನ ಇಲಾಖೆಯ ಎಲ್ ಪ್ರೈಜ್ ಅನ್ನುವ ಬಲ್ಬ್ ಸ್ಪರ್ಧೆ ಗೆದ್ದ ಫಿಲಿಪ್ಸ್ ಬಲ್ಬು ಆರಿದಾಗ ಹಳದಿಯಾಗಿ ಕಾಣುತ್ತಿತ್ತು. ಫಾಸ್ಫರನ್ನು ಚಿಪ್ ಮೇಲೆ ಹಾಕದೆ ಹೊರಗಿನ ಕವಚದಲ್ಲಿ ಇಟ್ಟಿದ್ದರು. ಪುಡಿಗೇ ದೂರ ಒಳ್ಳೆಯದು ಅಂದಮೇಲೆ ಡೈ ಪಾಡೇನು. ಕಿಟ್‌ನಲ್ಲಿ ಟೋಪಿ ಅಚ್ಚು ಕೊಟ್ಟು "ಚಿಪ್ ಮೇಲೆ ಕೂರಿಸಿ" ಅಂದದ್ದು ಮಾತ್ರ ನನಗೆ ಅರ್ಥವಾಗಿಲ್ಲ.

ಹಾಗಾದರೆ ಯಾರಾದರೂ ಇದನ್ನು ಯಾಕೆ ಕೊಳ್ಳಬೇಕು? ನಾನು ಮತ್ತೆ ಕೊಂಡಿದ್ದೇನೆ, ಅದನ್ನೇ ಉತ್ತರ ಅಂದುಕೊಳ್ಳಿ. ಡೈಗೆ ಯಿಟ್ರಿಯಂ, ಯೂರೋಪಿಯಂ ಥರದ ವಿರಳ ಲೋಹ ಬೇಡ, ಬಣ್ಣದ ಬೆಳಕು ಕೊಡುವ ಕ್ವಾಂಟಮ್ ಡಾಟ್ ಅನ್ನುವ ಅತಿಸಣ್ಣ ಕಣಗಳಲ್ಲಿ ಕೆಲವಕ್ಕೆ ಇರುವ ಕ್ಯಾಡ್ಮಿಯಂ ಬೇಡ. ಫಾಸ್ಫರ್ ಪುಡಿಯ ಹಾಗೆ ತಳಕ್ಕೆ ಕೂರುವ ರಗಳೆ ಡೈಗೆ ಇಲ್ಲ. ಎಲ್ಲಕ್ಕಿಂತ ಮುಖ್ಯ, ನನ್ನ ಬೆಳಕಿನ ಬಣ್ಣ ನಾನೇ ಹನಿ ಲೆಕ್ಕದಲ್ಲಿ ಕೂರಿಸಿಕೊಳ್ಳಬಹುದು. ಅಂಗಡಿಯಲ್ಲಿ 90, 95 ಅಂಕದ ದೀಪ ಸಿಗುತ್ತದೆ, ಹೌದು. ಸುಮ್ನೆ ಓದಲು ಬರೆಯಲು ದೀಪ ಬೇಕಿದ್ದವರು ಅದನ್ನೇ ತನ್ನಿ, ಈ ಗೋಜು ಬೇಡ. ಇರುವ ದೀಪ ಬದಲಿಸಲು ಆಗದವರು, ಬಣ್ಣದ ಜತೆ ಕೆಲಸ ಮಾಡುವವರು, ಕೈ ಗಲೀಜು ಮಾಡಿಕೊಳ್ಳಲು ಬೇಸರವಿಲ್ಲದವರು ತೆಗೆದುಕೊಳ್ಳಬಹುದು. ಕೆಂಪು ಸಿರಿಂಜ್ ಮಾತ್ರ ಬಿಡಿಯಾಗಿ ಕೊಡುತ್ತಾರಾ ಕೇಳಿ. ಹಳದಿ ಬೇಡ.

ಧೂಳಿನ ಮಾತು ಮರೆತಿದ್ದೆ. ಸಿಲಿಕೋನ್ ಮೇಲೆ ಕೂದಲು, ನೂಲು, ಧೂಳು ಎಲ್ಲ ಓಡಿಬಂದು ಕೂರುತ್ತವೆ, ಕಸೂತಿ ಮೇಜಿನ ಹತ್ತಿರ ಕೇಳಲೇಬೇಡಿ. ಬಟ್ಟೆಯಿಂದ ಒರೆಸಿದರೆ ಇನ್ನಷ್ಟು ಅಂಟುತ್ತದೆ. ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ.

ಮಾರಿದವರಿಗೆ ಗ್ಲೌಸ್ ವಿಷಯ, ಹಳದಿ ಶೀಶೆಯ ಫೋಟೋ ಎರಡನ್ನೂ ಕಳಿಸಿದ್ದೆ. ಗ್ಲೌಸ್ ಬಗ್ಗೆ ಮುಂದಿನ ಕಾಗದದಲ್ಲಿ ಸೇರಿಸುತ್ತೇವೆ ಅಂತ ಉತ್ತರ ಬಂತು. ಹಳದಿ ಬಗ್ಗೆ ಏನೂ ಬರಲಿಲ್ಲ.

ಈಗ ದೀಪದಲ್ಲಿರುವುದು ನಾಲ್ಕನೇ ಹಾಳೆ. ಇದನ್ನು ಎರಡು ತೆಳು ಗಾಜಿನ ನಡುವೆ ಇಟ್ಟು, ನಾಲ್ಕೂ ಅಂಚಿಗೆ ಎಪಾಕ್ಸಿ ಬಳಿದು ಗಾಳಿ ಆಡದಂತೆ ಮಾಡಿದ್ದೇನೆ. ಹಳೇ ಹಾಳೆಯನ್ನು ಪಕ್ಕದ ಇನ್ನೊಂದು ದೀಪಕ್ಕೆ ಹಾಕಿ ಅದರ ಉಳಿದ ಆಯಸ್ಸು ನೋಡುತ್ತಿದ್ದೇನೆ. ಹೊಸದಕ್ಕೂ ಮೂಲೆಯಲ್ಲಿ ಫಾಯಿಲ್ ಇದೆ, ಗಾಜಿನ ಮೇಲೆ ಪೆನ್ನಿನಲ್ಲಿ ತಾರೀಕು ಬರೆದಿದೆ. ಎರಡು ತಿಂಗಳಾಯಿತು. ಮೊನ್ನೆ ಫಾಯಿಲ್ ಸರಿಸಿ ನಾನು, ಅಮ್ಮ ಇಬ್ಬರೂ ಬಗ್ಗಿ ನೋಡಿದೆವು. ಗೆರೆ ಎಲ್ಲಿದೆ ಅಂತ ಇಬ್ಬರಿಗೂ ಕಾಣಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ, ಫಾಯಿಲ್ ವಾಪಸ್ ಮುಚ್ಚಿದಳು.